ಬೀಗ ಎಂದರೆ ಎಡಕ್ಕೆ

ಮನೆಯಿಂದ ಹೊರಡುವಾಗ ಹೆಂಡತಿ ಕೇಳಿದ್ದು ಒಂದೇ ಮಾತು. "ರೀ, ಬೀಗ ಹಾಕಿದ್ರಾ?"

ಅವನ ಎಡಗಾಲು ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಸರಿಯಿತು. ಭುಜ ಬಿಗಿಯಾಯಿತು, ಎರಡೂ ಕೈ ಎದೆಯ ಮೇಲೆ ಬಂದು ಕೂತವು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ದಾಟುವಷ್ಟು ಎತ್ತರದ ಗಂಡಸು ಮೆಟ್ಟಿಲ ಮೇಲೆ ಹಾಗೆ ಕಂಬದ ಥರ ನಿಂತದ್ದು ನೋಡಿ ಮಗಳು ಕಿಸಕ್ಕೆಂದಳು. ಅವನಿಗೆ ನಗು ಬರಲಿಲ್ಲ.

ಬಾಸ್ಕೆಟ್‌ಬಾಲಿನಲ್ಲಿ ಪ್ರತಿ ತಂಡಕ್ಕೂ ಅದರದೇ ಗುಟ್ಟಿನ ಮಾತುಗಳಿರುತ್ತವೆ. ಚೆಂಡು ಹಿಡಿದವನು ಒಂದು ಪದ ಕೂಗಿದರೆ ಉಳಿದವರು ಯಾರು ಎಲ್ಲಿಗೆ ಓಡಬೇಕೋ ಅಲ್ಲಿಗೆ ಓಡುತ್ತಾರೆ. ಕೊಡೆ, ಏಣಿ, ಜರಡಿ, ಬೀಗ, ಹೀಗೆ ಏನು ಬೇಕಾದರೂ ಆಗಬಹುದು. ಒಂದೇ ತಂಡದಲ್ಲಿ ಬಾಳಿದವನಿಗೆ ಇದೇನು ಮಹಾ. ಇವನು ಒಂದು ಕಡೆ ಕಾಲೂರಿದವನಲ್ಲ. ಯಾವುದೋ ತಂಡದಲ್ಲಿ ಯಾರದೋ ಮಂಡಿ ಕೈಕೊಟ್ಟಿತು ಅಂದರೆ ಇವನಿಗೆ ಕರೆ ಬರುತ್ತಿತ್ತು. ಆ ಮಂಡಿ ವಾಸಿಯಾಯಿತು ಅಂದರೆ ಬೆನ್ನು ತಟ್ಟಿ ಕಳಿಸುತ್ತಿದ್ದರು. ಎಲ್ಲಿ ಹೋದರೂ ಜೊತೆಯ ಆಟಗಾರರು ಇಡುತ್ತಿದ್ದ ಅಡ್ಡಹೆಸರು ಮಾತ್ರ ಒಂದೇ: ಬಾಡಿಗೆ. ಒಂದೂರಲ್ಲಿ ಕೊಡೆ ಅಂದರೆ ಮೂಲೆಗೆ ಓಡು, ಇನ್ನೊಂದೂರಲ್ಲಿ ಬಾಸ್ಕೆಟ್ಟಿನ ಕೆಳಗೆ ನಿಲ್ಲು. ಹೊಸದನ್ನು ಕಲಿಯುವುದಕ್ಕೆ ಬಾಡಿಗೆಯ ತಲೆ ಯಾವತ್ತೂ ಹಿಂದೆ ಬಿದ್ದಿರಲಿಲ್ಲ. ಹಳೆಯದನ್ನು ಮರೆಯುವುದಕ್ಕೆ ಒಪ್ಪದೆ ಇದ್ದದ್ದು ಕಾಲು.

ಹೋದ ವಾರ ಅಭ್ಯಾಸದಲ್ಲಿ ಅದು ಬಯಲಾಯಿತು. 'ಏಣಿ' ಎಂದು ಕೂಗಿದರು, ಇವನು ಯಾವುದೋ ಹಳೇ ಊರಿನ ಏಣಿ ಹತ್ತಿ ಎಲ್ಲರಿಗೂ ಬೆನ್ನು ಹಾಕಿ ಓಡಿದ. ಕೂಗಾಡುವ ಕೋಚುಗಳನ್ನು ಅವನು ಬೇಕಾದಷ್ಟು ಕಂಡಿದ್ದ, ಅವರಿಗೆ ಹೆದರಿದವನೂ ಅಲ್ಲ. ಈ ಕೋಚ್ ಮೆಲ್ಲಗೆ ಮಾತಾಡುವವರು. ಪಕ್ಕಕ್ಕೆ ಕರೆದು, "ನೋಡು, ನಿನ್ನನ್ನ ಪರೀಕ್ಷೆಗೆ ಅಂತ ತಗೊಂಡಿರೋದು. ಮುಂದಿನ ಮ್ಯಾಚ್ ಆದ್ಮೇಲೆ ಇಟ್ಕೋಬೇಕೋ ಬೇಡ್ವೋ ಹೇಳ್ತೀನಿ," ಎಂದಷ್ಟೇ ಹೇಳಿದರು. ಅವತ್ತಿನಿಂದ ಅವನಿಗೆ ತಿಂದ ಅನ್ನ ಮೈಗೆ ಹತ್ತಿರಲಿಲ್ಲ. ಹೆಂಡತಿ ತಿಂಡಿ ತಟ್ಟೆಯ ಮುಂದೆ ಉಪ್ಪಿನ ಡಬ್ಬಿ, ಲೋಟ, ಚಮಚ ಜೋಡಿಸಿ ಒಂದೊಂದು ಪದ ಕೂಗುವಳು; ಅವನು ಈ ತಂಡದ ಲೆಕ್ಕದಲ್ಲಿ ಲೋಟ ಸರಿಸಬೇಕು. ತಪ್ಪಿದರೆ ಮಗಳು ತಲೆಗೆ ಮೊಟಕುವಳು.

ಆ ಮಗಳದೇ ಅವನಿಗೆ ದೊಡ್ಡ ಸಂಕಟ. ಇಂಥ ಊರು ಬದಲಿಗಳನ್ನು ಎಷ್ಟೋ ಕಂಡ ಹುಡುಗಿ, ಈಗೀಗ ಯಾವ ಮನೆಗೆ ಹೋದರೂ ಬಟ್ಟೆ ಪುಸ್ತಕ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಬೇಕಾದ್ದನ್ನು ಪೆಟ್ಟಿಗೆಯಿಂದ ತೆಗೆದು, ಒಗೆದು, ಮಡಿಸಿ, ಮತ್ತೆ ಪೆಟ್ಟಿಗೆಗೇ. ಬೀರುವಿನ ಅವಳ ಪಾಲು ಖಾಲಿ. ಯಾಕೆ ಪುಟ್ಟಿ ಎಂದು ಕೇಳಿದರೆ, "ಆಮೇಲೆ ಅವಸರ ಆಗುತ್ತಲ್ಲಪ್ಪ," ಅನ್ನುವಳು, ದೊಡ್ಡವರ ಹಾಗೆ. ಈ ಸಲ ಹೇಗಾದರೂ ಉಳಿಯುತ್ತೇವೆ, ಪೆಟ್ಟಿಗೆ ಅಟ್ಟಕ್ಕೆ ಹಾಕೋಣ ಎಂದು ಬಾಯಿ ತಪ್ಪಿ ಮಾತು ಕೊಟ್ಟುಬಿಟ್ಟಿದ್ದ.

ಇವತ್ತಿನ ಮ್ಯಾಚಿನಲ್ಲಿ ಎದುರು ತಂಡ ಯಾವುದು ಅಂತೀರಿ? ಹೋದ ವರ್ಷ ಇವನೇ ಆಡಿದ್ದ ತಂಡ. ಅದರ ನಾಯಕನನ್ನು ಎಲ್ಲರೂ ದೊಡ್ಡಪ್ಪ ಅನ್ನುತ್ತಿದ್ದರು, ಆಟದಲ್ಲಿ ಇವನಿಗಿಂತಲೂ ಹಳಬ ಅಂತ. ಅಲ್ಲಿದ್ದಷ್ಟು ದಿನ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಮುಲಾಮು ಹಚ್ಚಿಕೊಂಡು, ತಮ್ಮ ತಮ್ಮ ಮನೆಯ ಕಷ್ಟಸುಖ ಹೇಳಿಕೊಂಡವರು. ದೊಡ್ಡಪ್ಪನ ಬಾಯಲ್ಲಿ ಬೀಗ ಅಂದರೆ ಇವನು ಎಡಕ್ಕೆ ಓಡಿ, ಬಾಸ್ಕೆಟ್ಟಿನ ಎದುರಿನ ಫ್ರೀ ಥ್ರೋ ಗೆರೆಯ ತುದಿಯಲ್ಲಿ ಕಂಬದ ಹಾಗೆ ನಿಂತು, ಅಟ್ಟಿಸಿಕೊಂಡು ಬರುವ ಎದುರಾಳಿಗೆ ಅಡ್ಡವಾಗಬೇಕು. ಆ ಸಂದಿಯಲ್ಲಿ ತಮ್ಮವನು ಆರಾಮಾಗಿ ಚೆಂಡು ಹಾಕುತ್ತಾನೆ. ಸಾವಿರ ಸಲ ಮಾಡಿದ ಕೆಲಸ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಪಾದಕ್ಕೆ ಪಟ್ಟಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ದೊಡ್ಡಪ್ಪ ಏನು ಕೂಗಿದರೂ ನಿನಗಲ್ಲ, ನಿನಗಲ್ಲ ಎಂದು ಮನಸ್ಸಿನಲ್ಲೇ ಜಪ ಮಾಡಿದ.

ಮೊದಲ ಭಾಗ ಹೇಗೋ ದಾಟಿತು. ಎರಡನೆಯದರಲ್ಲಿ ಚೆಂಡು ದೊಡ್ಡಪ್ಪನ ಕೈಯಲ್ಲಿತ್ತು, ಇವನು ತನ್ನ ಬಾಸ್ಕೆಟ್ ಕಾಯುತ್ತಿದ್ದ. ಮೈಯೆಲ್ಲ ಬೆವರು, ಉಸಿರು ಮೇಲಕ್ಕೆ ಬಂದಿತ್ತು. ಆ ಪರಿಚಯದ ಗೊಗ್ಗರು ದನಿ ಕೂಗಿತು:

"ಬೀಗ."

ಯೋಚನೆ ಬರುವುದರೊಳಗೆ ಕಾಲು ಹೊರಟಾಗಿತ್ತು. ಎಡಕ್ಕೆ ಓಡಿದ, ಗೆರೆಯ ತುದಿಯಲ್ಲಿ ನಿಂತ, ಕೈ ಎದೆಗೆ ಕಟ್ಟಿದ. ಓಡಿ ಬಂದು ಎದೆಗೆ ಡಿಕ್ಕಿ ಹೊಡೆದು ಅಂಗಾತ ಬಿದ್ದವನು ತನ್ನದೇ ತಂಡದ ಹುಡುಗ. ಆ ಸಂದಿಯಲ್ಲಿ ಎದುರಾಳಿ ಆರಾಮಾಗಿ ಚೆಂಡು ಹಾಕಿದ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನಗು ಶುರುವಾಯಿತು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಬ್ಬಿ ಇಡೀ ಸ್ಟೇಡಿಯಂ ಹೊಟ್ಟೆ ಹಿಡಿದುಕೊಂಡಿತು. ಗ್ಯಾಲರಿಯಲ್ಲಿ ನಗದೆ ಇದ್ದವರು ಇಬ್ಬರೇ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಗಳು ಎದ್ದು ನಿಂತು ಬ್ಯಾಗು ಹೆಗಲಿಗೇರಿಸುತ್ತಿದ್ದಳು. ಹೊರಡುವ ಹೊತ್ತಾಯಿತು ಎಂದು ಅವಳಿಗೆ ಗೊತ್ತಾಗಿಹೋಗಿತ್ತು.

ಕೋಚ್ ಅವನನ್ನು ಹೊರಗೆ ಕರೆದರು. ಬೆಂಚಿನ ತುದಿಗೆ ಹೋಗಿ ಕೂರಲು ನೋಡಿದರೆ, "ಅಲ್ಲಲ್ಲ, ಇಲ್ಲಿ," ಎಂದು ತಮ್ಮ ಪಕ್ಕದ ಕುರ್ಚಿ ತೋರಿಸಿದರು. ಮುಗಿಯಿತು, ಎಲ್ಲರೆದುರೇ ಹೇಳಿಬಿಡುತ್ತಾರೆ ಎಂದುಕೊಂಡ.

"ಅವ್ನು ಕೂಗಿದ್ದು ಏನು?"

"ಬೀಗ ಸರ್. ಅಲ್ಲಿ ನಾನು ಎಡಕ್ಕೆ ಹೋಗಿ ಅಡ್ಡ ನಿಲ್ಲೋದು. ಕಾಲು ಹೋಗ್ಬಿಡ್ತು ಸರ್. ತಪ್ಪಾಯ್ತು."

"ತಪ್ಪು ಆಮೇಲೆ ನೋಡೋಣ. ಅವ್ರ ಮಾತುಗಳೆಲ್ಲ ನೆನಪಿದ್ಯಾ?"

ಮರೆತಿದ್ದರೆ ಇಷ್ಟೆಲ್ಲ ಆಗುತ್ತಿತ್ತೆ. ಅಷ್ಟರಲ್ಲಿ ದೊಡ್ಡಪ್ಪ 'ಜರಡಿ' ಎಂದು ಕೂಗಿದ. "ಬಲಮೂಲೆ ಸರ್," ಎಂದು ಇವನ ಬಾಯಿಂದ ಬಂದುಬಿಟ್ಟಿತು. ಕೋಚ್ ಬಲಮೂಲೆ ಎಂದು ಕೂಗಿದರು, ಅಲ್ಲಿಗೆ ಹೋದ ಚೆಂಡನ್ನು ಇವರ ಹುಡುಗ ಕಸಿದುಕೊಂಡ. 'ಕೊಡೆ' ಎಂಬುದಕ್ಕೂ ಹಾಗೇ ಆಯಿತು. ಬಾಡಿಗೆಗೆ ಈಗ ಬೇರೆಯೇ ಭಯ ಹಿಡಿಯಿತು. ಒಂದು ಮನೆಯ ಉಪ್ಪು ತಿಂದು ಅದರ ಗುಟ್ಟನ್ನು ಪಕ್ಕದ ಮನೆಗೆ ಊದುತ್ತಿದ್ದೇನೆ ಅನ್ನಿಸಿ ಮುಖ ಬೆಂದಂತಾಯಿತು. ನಿಲ್ಲಿಸೋಣ ಎಂದರೆ ಕಣ್ಣೆದುರು ಹೆಗಲಿಗೆ ಬ್ಯಾಗು ಏರಿಸಿದ ಹುಡುಗಿ.

ದೊಡ್ಡಪ್ಪ ದಡ್ಡನಲ್ಲ. ಒಂದು ಸಲ ಚೆಂಡು ಪುಟಿಸುತ್ತಾ ನಿಧಾನಕ್ಕೆ ಬೆಂಚಿನ ಕಡೆ ತಿರುಗಿದ. ಕೋಚ್ ಅವರ ಕಿವಿ ನೋಡಿದ, ಅದರ ಪಕ್ಕದ ಬಾಯಿ ನೋಡಿದ. ಇನ್ನು ಪದಗಳನ್ನು ಅದಲುಬದಲು ಮಾಡುತ್ತಾನೆ, ನನ್ನ ಕಥೆ ಮುಗಿಯಿತು ಎಂದುಕೊಂಡ ಬಾಡಿಗೆ. ದೊಡ್ಡಪ್ಪ ಬಾಯಿ ತೆರೆದ.

"ಬೀಗ," ಅಂದ. ಮೊದಲಿಗಿಂತ ಗಟ್ಟಿಯಾಗಿ, ಬಿಡಿಸಿ, ಪಾಠ ಹೇಳಿಸುವವನ ಹಾಗೆ. ಅಲ್ಲಿಂದ ಆಟ ಮುಗಿಯುವವರೆಗೂ ಹಾಗೇ ಕೂಗಿದ. ಒಂದು ಪದವನ್ನೂ ಬದಲಿಸಲಿಲ್ಲ.

ಗೆದ್ದ ಗದ್ದಲದಲ್ಲಿ ಕೋಚ್ ಅವನ ಮೊಣಕೈ ಹಿಡಿದರು. "ಉಳ್ಕೋ. ಊರೂರಿನ ಮಾತು ಗೊತ್ತಿರೋನು ನನ್ನ ಪಕ್ಕದಲ್ಲಿ ಬೇಕು." ಮೊಣಕೈ ಬಿಟ್ಟು, "ಬೂಟು ಮಾತ್ರ ತರ್ಬೇಡ," ಎಂದರು, ಎಂದಿನ ಹಾಗೆ ಮೆಲ್ಲಗೆ.

ಇನ್ನು ಆಡುವುದು ಬೇಡ ಎಂಬ ಮಾತಿಗೆ ಅವನು ಇಷ್ಟು ವರ್ಷ ಹೆದರಿದ್ದ, ಉಳಿದುಕೋ ಎಂಬ ಮಾತಿಗೆ ಬೇಡಿಕೊಂಡಿದ್ದ. ಎರಡೂ ಒಟ್ಟಿಗೆ ಬಂದಾಗ ಅಳಬೇಕೋ ನಗಬೇಕೋ ತಿಳಿಯದೆ ಸುಮ್ಮನೆ ತಲೆಯಾಡಿಸಿದ.

ಹೊರಗೆ ಹೋಗುವ ಓಣಿಯಂಥ ಹಾದಿಯಲ್ಲಿ ದೊಡ್ಡಪ್ಪ ಮಂಡಿಗೆ ಐಸು ಕಟ್ಟಿಕೊಂಡು ಒಬ್ಬನೇ ಕೂತಿದ್ದ. ತಪ್ಪಿಸಿಕೊಂಡು ಹೋಗಲು ಬೇರೆ ದಾರಿಯಿರಲಿಲ್ಲ. ಬಾಡಿಗೆ ಎದುರು ನಿಂತ.

"ಯಾಕೆ ಮಾತು ಬದಲಾಯಿಸ್ಲಿಲ್ಲ?"

"ಆಟದ ಮಧ್ಯೆ ಆ ಹುಡುಗ್ರಿಗೆ ಹೊಸ ಮಾತು ಕಲಿಸೋಕಾಗುತ್ತೇನೋ? ಹಳೇದೇ ನೆಟ್ಟಗೆ ಬರಲ್ಲ ಅವಕ್ಕೆ."

"ನಾನು ಹೇಳಿಕೊಡ್ತಿದ್ದಿದ್ದು ನೋಡ್ದೆ ನೀನು."

"ವಯಸ್ಸಾಯ್ತಲ್ಲ, ದೂರದ್ದು ಅಷ್ಟಾಗಿ ಕಾಣಲ್ಲ," ಎಂದು ದೊಡ್ಡಪ್ಪ ಐಸಿನ ಚೀಲ ಸರಿಮಾಡಿಕೊಂಡ. ತಲೆ ಎತ್ತದೆ ಕೇಳಿದ: "ಪುಟ್ಟಿ ಈ ಸಲನಾದ್ರೂ ಪೆಟ್ಟಿಗೆ ಬಿಚ್ಚಿದ್ಲಾ?"

ಹೋದ ವರ್ಷ ಆ ಕೋಣೆಯಲ್ಲಿ ಮುಲಾಮು ಹಚ್ಚಿಕೊಳ್ಳುತ್ತಾ ಯಾವತ್ತೋ ಹೇಳಿದ್ದ ಮಾತು ಅದು.

"ಇಲ್ಲ," ಅಂದ. "ಇವತ್ತು ಬಿಚ್ತಾಳೆ."