ಜಾಹೀರಾತಿನ ಹೊತ್ತಿನ ರೊಟ್ಟಿ

ಮುಂಬೈಯ ಸಯನ್ ಸ್ಟೇಷನ್ನಿನ ಹತ್ತಿರದ ಆ ಬಿಲ್ಡಿಂಗಿನಲ್ಲಿ ಸುಂದ್ರವ್ವ ಹನ್ನೊಂದು ವರ್ಷ ಜೋಳದ ರೊಟ್ಟಿ ಬಡಿದದ್ದು ಟೀವಿಯಲ್ಲಿ ಜಾಹೀರಾತು ಬಂದಾಗ ಮಾತ್ರ. ನಂಬಿಕೆ ಬಾರದಿದ್ದರೆ ಕೆಳಗಿನ ಮನೆಯವರನ್ನು ಕೇಳಬಹುದು. ಎಂಟೂವರೆಯಿಂದ ಒಂಬತ್ತರೊಳಗೆ ಮೂರು ಸಲ ಅವರ ತಲೆಯ ಮೇಲೆ ಟಪಟಪ ಶುರುವಾಗಿ ಮೂರು ಸಲ ಗಪ್ಪನೆ ನಿಲ್ಲುತ್ತಿತ್ತು.

ಸುಂದ್ರವ್ವ ಕಲಬುರಗಿ ಕಡೆಯವಳು. ಗಾರೆ ಕೆಲಸಕ್ಕೆ ಮುಂಬೈಗೆ ಬಂದ ಗಂಡ ಅಣವೀರಪ್ಪನ ಬೆನ್ನಿಗೆ ಬಂದು, ಅವನು ತೀರಿಕೊಂಡ ಮೇಲೂ ಮಗ ಶರಣುವಿನ ಜೊತೆ ಇಲ್ಲೇ ಉಳಿದವಳು. ಸೊಸೆ ಸಪ್ನಾ ಹುಟ್ಟಿ ಬೆಳೆದದ್ದು ಈ ಊರಲ್ಲೇ. ತಾಯಿತಂದೆ ಕನ್ನಡದವರೇ ಆದರೂ ಹುಡುಗಿಗೆ ಕನ್ನಡ ಕಿವಿಗೆ ಹತ್ತಿತ್ತೇ ಹೊರತು ನಾಲಿಗೆಗೆ ಹತ್ತಿರಲಿಲ್ಲ. ಅತ್ತೆಯ ಹಿಂದಿಯೋ, ತರಕಾರಿ ಚೌಕಾಸಿಗೆ ಸಾಕಾಗುವಷ್ಟು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಈ ಮನೆಯಲ್ಲಿ ಮಾತೇ ಇಲ್ಲದ್ದರಿಂದ ಜಗಳವೂ ನೆಟ್ಟಗೆ ಆಗಲಿಲ್ಲ. ಅಂಧೇರಿಯ ಆಫೀಸಿನಿಂದ ಎರಡು ಲೋಕಲ್ ರೈಲು ಹಿಡಿದು ಬಂದ ಸಪ್ನಾ ಒಂದು ಸಂಜೆ ತಲೆ ಒತ್ತಿಕೊಂಡು, "ಅತ್ತೀ, ಆ ಆವಾಜ್ ಬಂದ್ ಮಾಡ್ರಿ" ಅಂದಳು. ಹೊಸ ಸೊಸೆ ರೊಟ್ಟಿಯ ಸಪ್ಪಳವನ್ನೇ ನಿಲ್ಲಿಸು ಅಂದರೆ ಯಾವ ಅತ್ತೆ ಸಹಿಸಿಯಾಳು? ಮೂರು ತಿಂಗಳು ಸುಂದ್ರವ್ವ ಏನಿದ್ದರೂ ಮಗನ ಕೈಲಿ ಹೇಳಿಸಿದಳು. "ಶರಣೂ, ಉಪ್ಪು ಬೇಕೇನು ಕೇಳು." ಉಪ್ಪು ಬೇಕಾದವಳು ಎದುರಿಗೇ ಕೂತಿರುತ್ತಿದ್ದಳು.

ಆಗ ಶುರುವಾದದ್ದು 'ಚೌಥಾ ಮಾಲಾ' ಎಂಬ ಹಿಂದಿ ನಗೆ ಧಾರಾವಾಹಿ. ಹೆಸರೇ ಹೇಳುವಂತೆ ಹಳೇ ಬಿಲ್ಡಿಂಗೊಂದರ ನಾಲ್ಕನೇ ಮಹಡಿ, ಅಲ್ಲಿ ಆರು ಸಂಸಾರ, ಮೂರನೇ ಮಹಡಿಗೇ ನಿಂತುಬಿಡುವ ಲಿಫ್ಟು. ಆ ಲಿಫ್ಟಿನ ಮೇಲೆ ದಿನಕ್ಕೊಂದು ದೂರು ಬರೆಯುವ ರಿಟೈರ್ಡ್ ಪೋಸ್ಟ್ ಮಾಸ್ತರ. ಒಂದೇ ಗೋಡೆಯ ಆಚೀಚೆ ಇದ್ದೂ ಮಾತು ಬಿಟ್ಟ ಅಣ್ಣತಮ್ಮ. ಒಂದು ದಿನ ಮಾಸ್ತರನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಮಾಸ್ತರ ಜಾಲರಿಯ ಸಂದಿಯಿಂದಲೇ ಚಹಾ ಉಪ್ಪಿಟ್ಟು ಕೊಟ್ಟು, ಅಲ್ಲೇ ಮಾತುಕತೆಯನ್ನೂ ಮುಗಿಸಿದ. ಅತ್ತೆ ಸೊಸೆ ಒಟ್ಟಿಗೇ ನಕ್ಕರು. ನಕ್ಕು, ಒಬ್ಬರ ಮುಖ ಒಬ್ಬರು ನೋಡಿ, ಕಳವಿನಲ್ಲಿ ಸಿಕ್ಕಿಬಿದ್ದವರಂತೆ ಸುಮ್ಮನಾದರು.

ಮರುದಿನದಿಂದ ಯಾರೂ ಬಾಯಿಬಿಟ್ಟು ಹೇಳದ ಒಂದು ಕರಾರು ನಡೆಯಿತು. ಧಾರಾವಾಹಿ ನಡೆಯುವಾಗ ಸುಂದ್ರವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನೋಡುವುದು, ಜಾಹೀರಾತು ಬಂದೊಡನೆ ಎದ್ದು ಮೂರು ರೊಟ್ಟಿ ಬಡಿಯುವುದು. ಅಷ್ಟರಲ್ಲಿ ಅತ್ತೆಗೆ ತಿಳಿಯದೆ ಹೋದ ಹಿಂದಿ ಮಾತನ್ನು ಸಪ್ನಾ ಮುರುಕು ಕನ್ನಡದಲ್ಲಿ ಬಿಡಿಸಿ ಹೇಳುವುದು, ಅದೂ ಸಪ್ಪಳವನ್ನು ಮೀರಿಸುವ ದನಿಯಲ್ಲಿ. ಮೂರು ಜಾಹೀರಾತು, ಒಂಬತ್ತು ರೊಟ್ಟಿ, ಮೂರು ಹೊಟ್ಟೆ.

ಆರನೇ ವರ್ಷ ಮಾಸ್ತರನ ಪಾತ್ರ ಮಾಡುತ್ತಿದ್ದ ನಟ ನಿಜವಾಗಿಯೂ ತೀರಿಹೋದ. ಧಾರಾವಾಹಿಯಲ್ಲಿ ಮಾಸ್ತರ ಮಗಳ ಮನೆಗೆ ಹೋಗಿದ್ದಾನೆ ಅಂದುಬಿಟ್ಟರು. ಸುಂದ್ರವ್ವ ಒಪ್ಪಲಿಲ್ಲ. ಅಂದಿನ ಮೊದಲ ರೊಟ್ಟಿಯನ್ನು ಪುಂಡಿಪಲ್ಯದ ಜೊತೆ ಟೀವಿಯ ಮುಂದೆ ಎಡೆ ಇಟ್ಟಳು. ಶರಣು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಸಪ್ನಾ ನಗಲಿಲ್ಲ, ಎದ್ದು ಹೋಗಿ ಒಂದು ಲೋಟ ನೀರು ತಂದು ಎಡೆಯ ಪಕ್ಕ ಇಟ್ಟಳು. ಸೊಸೆ ಅನ್ನುವುದು ಮರೆತು ಮಗಳು ಅನ್ನಿಸಿದ್ದು ಸುಂದ್ರವ್ವನಿಗೆ ಆವತ್ತೇ.

ಸಪ್ನಾಳದೊಂದು ವಿಚಿತ್ರವಿತ್ತು. ನಗೆಯ ಮಾತು ಬರುವುದಕ್ಕೆ ಒಂದು ಗಳಿಗೆ ಮೊದಲೇ ಅವಳಿಗೆ ನಗು ಬಂದುಬಿಡುತ್ತಿತ್ತು. ಮುಂಬೈಯಲ್ಲಿ ಹುಟ್ಟಿದವಳು, ತಲೆ ಚುರುಕು ಎಂದು ಸುಂದ್ರವ್ವ ಬಳಗದವರ ಮುಂದೆ ಹೊಗಳಿಕೊಂಡದ್ದೂ ಉಂಟು.

ಮೊನ್ನೆ ಶುಕ್ರವಾರ 'ಚೌಥಾ ಮಾಲಾ' ಮುಗಿಯಿತು. ಕಥೆಯಲ್ಲಿ ಆ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಾರಂತೆ. ಕೊನೆಯ ವಾರದಲ್ಲಿ ಲಿಫ್ಟು ರಿಪೇರಿಯಾಯಿತು. ಆದರೆ ಆರೂ ಸಂಸಾರ ಗಂಟುಮೂಟೆ ಹೊತ್ತು ರೂಢಿಯಂತೆ ಮೆಟ್ಟಿಲಲ್ಲೇ ಇಳಿದುಹೋದವು. ಖಾಲಿ ಲಿಫ್ಟು ನಾಲ್ಕನೇ ಮಹಡಿಗೆ ಬಂತು, ಸ್ವಲ್ಪ ಹೊತ್ತು ಕಾದು ಕೆಳಗಿಳಿಯಿತು. ಸುಂದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಪ್ನಾ ಮಾತ್ರ ಹಿಂದಿನ ಜಾಹೀರಾತಿನಲ್ಲೇ ಅಳಲು ಶುರುಮಾಡಿದ್ದಳು.

ಶನಿವಾರ ಭಾನುವಾರ ಹೇಗೂ ಧಾರಾವಾಹಿ ಇರುತ್ತಿರಲಿಲ್ಲ. ಸುಂದ್ರವ್ವನಿಗೆ ಭಯವಿದ್ದದ್ದು ಸೋಮವಾರದ್ದು. ಅತ್ತೆಗೂ ಸೊಸೆಗೂ ನಡುವೆ ಇದ್ದ ಸೇತುವೆ ಅದೊಂದೇ. ಅದು ಹೋದ ಮೇಲೆ ಮತ್ತೆ "ಶರಣೂ, ಉಪ್ಪು ಬೇಕೇನು ಕೇಳು" ಅನ್ನುವ ಕಾಲವೇ ಬಂದರೆ? ಭಾನುವಾರ ಸಪ್ನಾ ಮಾರ್ಕೆಟ್ಟಿಗೆ ಹೋದಾಗ ಮಗನ ಮುಂದೆ ಅದನ್ನೇ ತೋಡಿಕೊಂಡಳು.

ಅಂಗಿಗೆ ಇಸ್ತ್ರಿ ಮಾಡುತ್ತಿದ್ದ ಶರಣು ಕೈ ನಿಲ್ಲಿಸಿದ. "ಯವ್ವಾ, ನಿನಗ ಗೊತ್ತಿಲ್ಲೇನು? ಅಕಿ ಅದನ್ನ ಮುಂಜಾನಿನೇ ಲೋಕಲ್‌ನಾಗ ಮೊಬೈಲ್‌ ಮ್ಯಾಲ ನೋಡಿಬಿಡ್ತಾಳ. ನಾಕೈದು ವರ್ಷ ಆಯ್ತು. ಟೀವಿಗಿಂತ ಮೊದಲು ಅದರಾಗ ಬರ್ತದ."

"ಮತ್ತ ಸಂಜಿಗಿ ಯಾಕ ಕುಂದ್ರತಾಳ?"

"ನಾನೂ ಕೇಳಿದ್ದೆ. ಮೊದಲ ನೋಡಿದ್ರ ಕಠಿಣ ಮಾತಿಗಿ ಕನ್ನಡ ಹುಡುಕಲಾಕ ಟೈಮ್ ಸಿಗ್ತದ ಅಂದಳು. ದಾದರ್‌ನಾಗ ಗಾಡಿ ಬದಲಿ ಮಾಡುವಾಗ ತವರುಮನಿಗಿ ಫೋನ್ ಹಚ್ಚಿ ಕೇಳ್ತಾಳ. ಸಂಜಿಗಿ ನಿನಗ ಹೇಳಬೇಕಲ್ಲ."

ಗಾಡಿ ಬದಲಿಸುವವರು ದಾಟುವ ದಾದರ್ ಸ್ಟೇಷನ್ನಿನ ಸೇತುವೆ ಸುಂದ್ರವ್ವನಿಗೂ ಗೊತ್ತು. ಬೆಳಗಿನ ಹೊತ್ತು ಅಲ್ಲಿ ಕಾಲಿಡಲು ಜಾಗವಿಲ್ಲ, ನೂಕಿದ ಕಡೆ ನಡೆಯಬೇಕು. ಆ ನೂಕಾಟದಲ್ಲಿ ಫೋನು ಕಿವಿಗೊತ್ತಿಕೊಂಡು, ಧಾರಾವಾಹಿಯ ಯಾವುದೋ ಮುದುಕ ಆಡಿದ ಮಾತಿಗೆ ಕನ್ನಡ ಏನೆಂದು ಕೇಳುವ ಸೊಸೆ ಕಣ್ಣ ಮುಂದೆ ಬಂದಳು. ಹೊತ್ತಿಗೆ ಮುಂಚೆ ಬರುತ್ತಿದ್ದ ಆ ನಗುವೆಲ್ಲ ಎಲ್ಲಿಯದು ಎಂದು ಈಗ ತಿಳಿಯಿತು. ಧಾರಾವಾಹಿ ಬರೆದವರಿಗೂ ಆಡಿದವರಿಗೂ, ಹೋದ ಮಾಸ್ತರನಿಗೂ ಮನಸ್ಸಿನಲ್ಲೇ ಕೈಮುಗಿದಳು. ಸೊಸೆಗೆ ಹೇಗೆ ಕೈಮುಗಿಯಬೇಕೋ ಗೊತ್ತಾಗಲಿಲ್ಲ.

ಸೋಮವಾರ ಎಂಟೂವರೆಗೆ ಸಪ್ನಾ ಬಂದು ಎಂದಿನ ಜಾಗದಲ್ಲೇ ಕೂತಳು. ಟೀವಿ ಹಾಕಲಿಲ್ಲ. ಸುಂದ್ರವ್ವ ಒಳಗೆ ಹಿಟ್ಟು ನಾದಿ ರೊಟ್ಟಿ ಬಡಿದಳು. ಒಂದು, ಎರಡು, ಮೂರು. ಕೈ ತಾನಾಗಿ ನಿಂತಿತು. ಹೊರಗೆ ಯಾವ ಧಾರಾವಾಹಿಯೂ ಇರಲಿಲ್ಲ, ಆದರೂ ಕೈ ಮುಂದಕ್ಕೆ ಹೋಗಲೊಲ್ಲದು. ಮನೆ ಮೌನವಾಯಿತು. ಇದೇ ಮೌನಕ್ಕೆ ಅವಳು ಮೂರು ದಿನ ಹೆದರಿದ್ದಳು.

"ಅತ್ತೀ," ಸಪ್ನಾ ಹೊರಗಿನಿಂದ ಕೇಳಿದಳು, "ಆ್ಯಡ್ ಮುಗೀತೇನ್ರಿ?"

ಸುಂದ್ರವ್ವನಿಗೆ ನಗು ಬಂತು. "ಮುಗೀತವ್ವಾ. ಬಾ, ಇಲ್ಲಿ ಕುಂದ್ರು."

ಸಪ್ನಾ ಬಂದು ಹೊಸ್ತಿಲ ಮೇಲೆ, ಅತ್ತೆಯ ಜಾಗದಲ್ಲಿ ಕೂತಳು. ಸುಂದ್ರವ್ವ ಇನ್ನೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿ, ಮೇಲೆ ನೀರು ಸವರಿ, "ಆ ಅಣ್ಣತಮ್ಮ ಈಗ ಎಲ್ಲಿ ಇರಬೇಕು ಹೇಳು" ಅಂದಳು.

ಸಪ್ನಾ ಯೋಚಿಸಿದಳು. "ಭಾಡಾದ ಮನಿ. ತಪ್ಪಿ ಇಬ್ಬರಿಗೂ ಒಂದೇ ಬಿಲ್ಡಿಂಗ್‌ನಾಗ. ಲಿಫ್ಟ್ ಚಲೋ ಅದ. ಇಬ್ಬರೂ ಒಳಗ. ಮತ್ತ... ಮತ್ತ ಅಣ್ಣ ಏನ್ ಮಾಡ್ತಾನಂದ್ರ..." ಅಲ್ಲಿಗೆ ತಡವರಿಸಿದಳು. ಈ ಸಲ ಮುಂಜಾನೆಯ ತಯಾರಿ ಇರಲಿಲ್ಲ, ದಾದರಿನ ಫೋನೂ ಇರಲಿಲ್ಲ. ಬೇಕಾದ ಮಾತು ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಕೈಯಾಡಿಸಿದಳು, ಮೇಲೆ ನೋಡಿದಳು.

ಹಂಚಿನ ಮೇಲಿನ ರೊಟ್ಟಿಯ ಅಂಚು ಕಪ್ಪಾಗತೊಡಗಿ ವಾಸನೆ ಬಂತು. ಸುಂದ್ರವ್ವ ತಿರುಗಿ ನೋಡಲಿಲ್ಲ, ಮಾತನ್ನು ಎತ್ತಿಕೊಡಲೂ ಇಲ್ಲ. ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಸೊಸೆಯ ಮುಖ ನೋಡುತ್ತ ಕಾದಳು. ಇಷ್ಟು ವರ್ಷ ಈ ಹುಡುಗಿ ತನಗಾಗಿ ಮಾತು ಹುಡುಕಿದ್ದಾಳೆ. ಒಂದು ರೊಟ್ಟಿ ಹೊತ್ತಿದರೆ ಹೊತ್ತಲಿ.