ಮುದ್ದೆ ತಿರುವುವ ಜಾಗ

ಸುಬ್ರಹ್ಮಣ್ಯ ಬಡಗಿಯ ಮನೆಯಲ್ಲಿ ಹುಟ್ಟಿದವನು. ರೆಡಿಮೇಡ್ ಬಾಗಿಲುಗಳು ಬಂದು ಅಪ್ಪನ ಉಳಿಗೆ ಕೆಲಸ ಕಡಿಮೆಯಾದಾಗ ಟೈಲ್ಸ್ ಹಾಕುವುದನ್ನು ಕಲಿತ. ಈಗ ಶ್ರೀರಂಗಪಟ್ಟಣದ ಕಡೆ ಹೊಸ ಮನೆ ಏಳುತ್ತಿದೆ ಎಂದರೆ ಮೇಸ್ತ್ರಿಗಳು ಮೊದಲು ಫೋನ್ ಮಾಡುವುದು ಅವನಿಗೇ. ಚಿನಕುರಳಿಯ ಅವನ ಸ್ವಂತ ಮನೆಯಲ್ಲಿ ಮಾತ್ರ ಅಡುಗೆಮನೆಯ ಸಿಮೆಂಟು ನೆಲ ಕಿತ್ತುಬಂದು, ಗುಡಿಸಿದಷ್ಟೂ ಪುಡಿ ಏಳುತ್ತಿತ್ತು. ಹೆಂಡತಿ ವೀಣ ಒಂದು ದಿನವೂ ಅದನ್ನು ಆಡಿ ತೋರಿಸಿರಲಿಲ್ಲ. ಅದೇ ಅವನನ್ನು ಚುಚ್ಚುತ್ತಿದ್ದದ್ದು.

ಈ ಸಲ ಯುಗಾದಿ ಕಳೆಯುತ್ತಲೇ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದ. ಅವಳು ಮತ್ತೆ ಮತ್ತೆ ತಿರುಗಿ ನೋಡಿದ ಬಿಳಿ ಟೈಲ್ಸನ್ನೇ ಕೊಂಡ. ಭಾನುವಾರಗಳೆಲ್ಲ ಮಂಡಿಯೂರಿ, ನೆಲ ಸಮವಿದೆಯೇ ಎಂದು ರಸಮಟ್ಟ ಇಟ್ಟು ನೋಡಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ ತಟ್ಟಿ ಒಂದೊಂದನ್ನೂ ಕೂರಿಸಿದ. ಬೇರೆಯವರ ಮನೆಯಲ್ಲಿ ಅಷ್ಟು ನಿಧಾನ ಮಾಡಿದ್ದರೆ ಓಡಿಸಿಬಿಡುತ್ತಿದ್ದರು. ಕೊನೆಗೆ ಸಂದುಗಳಿಗೆ ಬಿಳಿ ಸಿಮೆಂಟು ತುಂಬಿ ಒರೆಸಿದಾಗ ನೆಲದಲ್ಲಿ ಕಿಟಕಿ ಕಾಣುತ್ತಿತ್ತು.

"ಮುಖ ನೋಡ್ಕಂಡು ತಲೆ ಬಾಚ್ಕಬೋದು ಕಣ್ರೀ," ಎಂದಳು ವೀಣ. ಅವನ ಅವ್ವ ವೆಂಕಟಮ್ಮ ಸೀರೆ ಎತ್ತಿ ಹಿಡಿದು, ಹೊಳೆಗೆ ಇಳಿಯುವವಳ ಹಾಗೆ ಒಂದೊಂದೇ ಹೆಜ್ಜೆ ಇಟ್ಟಳು.

ಆಮೇಲೆ ಮನೆಯ ಊಟ ಸ್ವಲ್ಪ ಬದಲಾಯಿತು. ಅವನು ಮನೆಯಲ್ಲಿರುವ ದಿನ ಚಪಾತಿ, ಇಲ್ಲವೇ ಚಿತ್ರಾನ್ನ. ಉಳಿದ ದಿನ ಅವನು ಬರುವಷ್ಟರಲ್ಲಿ ಮುದ್ದೆ ಆಗಿ ಮುಚ್ಚಿಟ್ಟಿರುತ್ತಿತ್ತು. ಹೊಸ ನೆಲದ ಜೊತೆ ಹೆಂಡತಿಗೆ ಪೇಟೆ ಊಟದ ಆಸೆಯೂ ಹತ್ತಿದೆ ಎಂದುಕೊಂಡು ಅವನು ಒಳಗೊಳಗೇ ಹಿಗ್ಗಿದ. ಅವಳ ಪಾದದ ಮೇಲೊಂದು ಸುಟ್ಟ ಗಾಯ ಕಂಡು ಕೇಳಿದಾಗ, "ಟೀ ಚೆಲ್ತು," ಎಂದಳು. ಅವ್ವ ಯಾಕೋ ಆ ಕಡೆ ಮುಖ ತಿರುಗಿಸಿದಳು.

ಮುಂಗಾರು ಶುರುವಾಗಿತ್ತು. ಒಂದು ಮಧ್ಯಾಹ್ನ ಕೆಲಸದ ಜಾಗದಲ್ಲಿ ಕರೆಂಟು ಹೋಗಿ ಟೈಲ್ಸ್ ಕತ್ತರಿಸುವ ಮಿಷನ್ನು ನಿಂತಿತು. ಸುಬ್ರಹ್ಮಣ್ಯ ಹನಿಯುವ ಮಳೆಯಲ್ಲೇ ಬೈಕು ಹತ್ತಿ ಊರಿಗೆ ಬಂದ. ಅಡುಗೆಮನೆ ಖಾಲಿ. ಹಿತ್ತಿಲ ಬಾಗಿಲು ತೆರೆದಿತ್ತು.

ಬಟ್ಟೆ ಒಗೆಯುವ ಜಾಗದ ಕಲ್ಲು ಚಪ್ಪಡಿಯ ಮೇಲೆ ವೀಣ ಕೂತಿದ್ದಳು. ಬಿಸಿ ಪಾತ್ರೆ ಕದಲದಂತೆ ಅದಕ್ಕೆ ಎರಡು ಕವಲಿನ ಕವೆಗೋಲು ಸಿಕ್ಕಿಸಿ, ಅದನ್ನು ಎರಡೂ ಪಾದಗಳಿಂದ ಒತ್ತಿ ಹಿಡಿದು, ಮೈಯೆಲ್ಲ ಬಲ ಹಾಕಿ ಮುದ್ದೆ ತಿರುವುತ್ತಿದ್ದಳು. ಹಿಂದೆ ನಿಂತು ಅವ್ವ ಕೊಡೆ ಹಿಡಿದಿದ್ದಳು. ಕೊಡೆಯೆಲ್ಲ ಸೊಸೆಯ ಮೇಲೆ, ಪಾತ್ರೆಯ ಮೇಲೆ. ಅವ್ವನ ಬೆನ್ನು ನೆನೆದು ರವಿಕೆ ಅಂಟಿಕೊಂಡಿತ್ತು.

"ಬಿರ್ರನೆ ತಿರುವು ಮಗ, ಮಳೆ ಅಂತ ಅವ್ನು ಬೇಗ ಬಂದ್ಬುಟ್ಟಾನು."

"ಬಂದ್ಬುಟ್ಟಿವ್ನಿ ಕಣವ್ವ," ಎಂದ ಸುಬ್ರಹ್ಮಣ್ಯ.

ಕೊಡೆ ಅಲುಗಿತು. ವೀಣಳ ಕೈ ಮಾತ್ರ ನಿಲ್ಲಲಿಲ್ಲ. ನಿಂತರೆ ಗಂಟು ಕಟ್ಟುತ್ತದೆ.

"ಇದ್ಯಾಕ್ ಇಂಗೆ? ಒಳಗೇನಾಗದೆ?"

ಅವ್ವನೇ ಹೇಳಿದಳು: "ಜಾರ್ತದೆ ಕಣ್ಲಾ. ಕವೆಗೋಲು ನಿಲ್ಲಾಕಿಲ್ಲ. ಮೊದಲ್ನೆ ದಿನವೇ ಪಾತ್ರೆ ಗೋಡೆಗಂಟ ಓಡೋಯ್ತು. ಬಿಸಿ ರಾಗಿ ಇಟ್ಟು ಈ ಮಗೀನ್ ಕಾಲ್ ಮ್ಯಾಲೆ ಬಿತ್ತು."

"ಟೀ ಅಂದ್ಯಲ್ಲೇ ನೀನು!"

"ಇನ್ನೇನ್ ಅನ್ಲಿ?" ವೀಣ ತಿರುವುತ್ತಲೇ ಅಂದಳು. "ಅಷ್ಟ್ ದಿನ ಮಂಡಿ ಊರಿ ಆಕುದ್ರಿ. ಮಂಡಿ ಊದ್ಕಂಡು ಮೆಟ್ಲು ಅತ್ತಾಕಾಯ್ತಿರ್ಲಿಲ್ಲ ನಿಮ್ಗೆ. ಆ ನೆಲ ಸರಿಯಿಲ್ಲ ಅಂತ ಯಾವ್ ಬಾಯಲ್ಲಿ ಅನ್ಲಿ? ನಂಗೂ ಅದು ಇಷ್ಟ ಕಣ್ರೀ, ನಿಜವಾಗ್ಲೂ."

ಸುಬ್ರಹ್ಮಣ್ಯ ಇಷ್ಟೊಂದು ಮನೆಗಳಿಗೆ ನೆಲ ಹಾಸಿದ್ದ. ಆ ನೆಲದ ಮೇಲೆ ಕೂತು ಹೆಂಗಸರು ಏನು ಮಾಡುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವ್ವನ ಕೈಯಿಂದ ಕೊಡೆ ತೆಗೆದುಕೊಂಡ. ಮುದ್ದೆ ಆಗುವವರೆಗೂ ಇಬ್ಬರಿಗೂ ಹಿಡಿದು ನಿಂತ.

ಮರುದಿನ ಬೆಳಿಗ್ಗೆ ಉಳಿ, ಸುತ್ತಿಗೆ ಹಿಡಿದು ಬಂದವನನ್ನು ಕಂಡು ವೀಣ ಬಾಗಿಲಿಗೆ ಅಡ್ಡ ನಿಂತಳು. "ಒಡೀಬ್ಯಾಡಿ, ನಿಮ್ಗೆ ಕೈ ಮುಗೀತೀನಿ. ನಾನು ಆಚೆನೇ ಮಾಡ್ಕತೀನಿ."

"ಎಲ್ಲಿ ಕೂತ್ಕಂಡ್ರೆ ನಿಂಗೆ ಆರಾಮು? ಕೂತು ತೋರ್ಸು ಬಾ."

ಒಲ್ಲದ ಮನಸ್ಸಿನಿಂದ ಅವಳು ಒಲೆಯ ಕಟ್ಟೆಯ ಪಕ್ಕ ಕೂತು ಕಾಲು ಚಾಚಿದಳು. ಅವನು ಪೆನ್ಸಿಲು ಹಿಡಿದು ಅವಳ ಸುತ್ತ ಗೀಟು ಎಳೆದ. ಪಾದದ ಹತ್ತಿರ ಬಂದಾಗ ಕಚಗುಳಿಯಾಗಿ ಅವಳು ಕಿಸಕ್ಕನೆ ನಕ್ಕಳು. ವೆಂಕಟಮ್ಮ ತನಗೇನೂ ಕಾಣಲಿಲ್ಲ ಎಂಬಂತೆ ಹೊರಗೆ ಹೋದಳು.

ಗೀಟಿನೊಳಗಿನ ಟೈಲ್ಸನ್ನಷ್ಟೇ ಒಡೆದ. ಊರಾಚೆ ಕಲ್ಲು ಕೆಲಸ ಮಾಡುವ ಮುದ್ದಯ್ಯನಿಂದ ಒರಟು ಚಪ್ಪಡಿ ತಂದು, ಸುತ್ತಲ ಟೈಲ್ಸಿಗೆ ಸಮನಾಗಿ ಇಳಿಸಿದ. ಸಿಮೆಂಟು ಹಿಡಿಯುವವರೆಗೆ ಯಾರೂ ಅದನ್ನು ತುಳಿಯುವ ಹಾಗಿರಲಿಲ್ಲ. ಅಲ್ಲಿಯವರೆಗೆ ಹಿತ್ತಿಲಲ್ಲಿ ತಾನೇ ಮುದ್ದೆ ತಿರುವುತ್ತೇನೆಂದು ಹಠ ಹಿಡಿದ. ತಿರುವಿದ ಕೂಡ. ಅತ್ತೆ ಸೊಸೆ ತಟ್ಟೆ ಮುಂದೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಂಗದೆ?"

"ಚೆನ್ನಾಗದೆ," ಎಂದಳು ವೀಣ.

"ನಿಜ ಯೋಳು."

"ಗಂಟೇ ಜಾಸ್ತಿ ಅವೆ. ಆದ್ರೂ ಉಣ್ತೀನಿ."

ಅವಳು ತಟ್ಟೆ ಖಾಲಿ ಮಾಡುವವರೆಗೂ ಅವನು ನೋಡುತ್ತಲೇ ಕೂತಿದ್ದ.

ಚಪ್ಪಡಿ ಭದ್ರವಾದ ದಿನ ವೀಣ ಅದರ ಮೇಲೆ ಕವೆಗೋಲು ಇಟ್ಟು ಪಾದದಿಂದ ಒತ್ತಿ ನೋಡಿದಳು. ಅಲುಗಲಿಲ್ಲ. ಅಂದು ಸುಬ್ರಹ್ಮಣ್ಯ ಕೆಲಸಕ್ಕೆ ತಡವಾಗಿ ಹೊರಟ. ಅವಳು ಕಟ್ಟಿ ಕೊಟ್ಟ ಮುದ್ದೆಯನ್ನು ಅಡುಗೆಮನೆಯಲ್ಲೇ ಅವಳೆದುರು ಕೂತು, ಸೊಪ್ಪಿನ ಸಾರಿಗೆ ಅದ್ದಿಕೊಂಡು, ಬಿಸಿಬಿಸಿಯಾಗಿ ಉಂಡ.