ಮಲ್ಲಿಯ ಕುಬಸ

"ಗರ್ಭಕೋಶ ತೆಗೆದುಬಿಡೋಣ್ರೀ ಅಮ್ಮ. ಹಂಗೇ ಬಿಟ್ರೆ ಮುಂದೆ ಕ್ಯಾನ್ಸರ್ ಆಗ್ತೈತೆ," ಎಂದು ಡಾಕ್ಟರ್ ಆಶಾರಾಣಿ ಮೊಲದ ಹೊಟ್ಟೆಯ ಮೇಲಿಂದ ಕೈ ತೆಗೆದರು.

ಉಮಾಮಹೇಶ್ವರಿ ಮೇಜಿನ ಅಂಚು ಹಿಡಿದುಕೊಂಡಳು. ಇದೇ ಮಾತನ್ನು ಅವಳು ಹಿಂದೊಮ್ಮೆ ಕೇಳಿದ್ದಳು. ಆಗ ಮೇಜಿನ ಮೇಲೆ ಮಲಗಿದ್ದವಳು ಅವಳೇ. ಮೊದಲ ಬಸಿರು ಇಳಿದುಹೋದ ಮೇಲೆ ಹೊಟ್ಟೆನೋವೆಂದು ನರಳುತ್ತಿದ್ದ ಎಳೆಯ ಸೊಸೆಗೆ ಹರಿಹರದ ಆ ನರ್ಸಿಂಗ್ ಹೋಮಿನ ಡಾಕ್ಟರು ನೇರವಾಗಿ ಏನನ್ನೂ ಹೇಳಲಿಲ್ಲ. ಹೇಳಿದ್ದು ಗಂಡನಿಗೆ ಮತ್ತು ಅತ್ತೆಗೆ. ಅವಳಿಗೆ ಪರದೆಯಾಚೆಯಿಂದ ಕೇಳಿಸಿತ್ತು, ಅಷ್ಟೆ. ಇಬ್ಬರೂ ಹೂಂಗುಟ್ಟಿದ್ದರು. ಎಚ್ಚರವಾದಾಗ ಎಲ್ಲ ಮುಗಿದಿತ್ತು. ಎಷ್ಟೋ ವರ್ಷಗಳ ಮೇಲೆ ಬೇರೇನೋ ತೋರಿಸಲು ದಾವಣಗೆರೆಗೆ ಬಂದಾಗ, ಅಲ್ಲಿನ ಲೇಡಿ ಡಾಕ್ಟರು ಹಳೆಯ ಕತೆಯನ್ನೆಲ್ಲ ಕೇಳಿ, "ಅಯ್ಯೋ, ಇಷ್ಟಕ್ಕೆಲ್ಲ ಯಾಕ ತೆಗೆಸಿದ್ರಿ? ಮಾತ್ರೆಗೆ ಹೋಗೋ ನೋವು," ಎಂದುಬಿಟ್ಟಿದ್ದರು. ಆ ನರ್ಸಿಂಗ್ ಹೋಮ್ ಮುಚ್ಚಿ ಅಲ್ಲೀಗ ಮೊಬೈಲ್ ಅಂಗಡಿ ಬಂದಿದೆ. ಉಮಾಮಹೇಶ್ವರಿ ಇವತ್ತಿಗೂ ರಸ್ತೆಯ ಆ ಬದಿಗೆ ನಡೆಯುವುದಿಲ್ಲ.

"ಅದಕ್ಕೇನಾಗೈತೆ ಅಂತ ತೆಗೀಬೇಕ್ರಿ?" ಎಂದು ಕೇಳಿದಳು. ದನಿ ಅವಳಿಗೇ ಗಡುಸಾಗಿ ಕೇಳಿಸಿತು.

"ಈಗ ಏನೂ ಆಗಿಲ್ಲ. ಎದೆ ಕೂದ್ಲು ಕಿತ್ಕೊಂಡು ಗೂಡು ಮಾಡ್ತೈತೆ ಅಂದ್ರಲ್ಲ, ಅದು ಸುಳ್ಳು ಬಸ್ರು. ಹೊಟ್ಟೇಲಿ ಮರಿ ಇರಲ್ಲ, ಅದಾವೆ ಅಂತ ಮೈ ನಂಬ್ಕೊಂಡ್ಬಿಡ್ತೈತೆ. ಅದು ದೊಡ್ಡ ವಿಷಯ ಅಲ್ಲ. ಆದ್ರೆ ಹೆಣ್ಣು ಮೊಲಕ್ಕೆ ಈ ವಯಸ್ಸು ದಾಟಿದ್ರೆ ಗಡ್ಡೆ ಬರೋದು ಭಾಳ ಜಾಸ್ತಿ. ಗಟ್ಟಿ ಇರೋವಾಗ್ಲೇ ತೆಗೆಸಿದ್ರೆ ಇನ್ನೂ ನಾಕು ವರ್ಷ ಆರಾಮಾಗಿ ಇರ್ತೈತೆ."

ಹೊರಗೆ ಬೆಂಚಿನ ತುಂಬ ನಾಯಿ ಬೆಕ್ಕು ಹಿಡಿದವರು ಕಾಯುತ್ತಿದ್ದರೂ ಡಾಕ್ಟರ್ ಆಶಾರಾಣಿ ಒಂದೊಂದನ್ನೂ ಬಿಡಿಸಿ ಹೇಳಿದರು. ಒಳ್ಳೆಯ ಹೆಣ್ಣುಮಗಳು, ಸುಳ್ಳು ಹೇಳುವವಳಲ್ಲ. ಆದರೆ ಉಮಾಮಹೇಶ್ವರಿಯ ಕಿವಿ ಮೊದಲ ಮಾತಿಗೇ ಬಾಗಿಲು ಹಾಕಿಕೊಂಡಿತ್ತು.

ವಾಪಸ್ಸು ಹರಿಹರಕ್ಕೆ ಹೋಗುವಾಗ ಅಂಗಡಿಯ ಓಮ್ನಿ ವ್ಯಾನಿನಲ್ಲಿ ಮೊಲ ಮಲ್ಲಿ ಅವಳ ಮಡಿಲಲ್ಲಿ ಕೂತು ಹಲ್ಲು ಮಸೆಯುತ್ತಿತ್ತು. ಮುದ್ದು ಮಾಡಿದಾಗ ಅದು ಹಾಗೇ ಮಾಡುವುದು. ಸಾರಥಿ ಊರಿನ ಹಾಲೇಶಪ್ಪ ಭತ್ತ ತಂದವನು, ಟವೆಲ್ಲಿನಲ್ಲಿ ಸುತ್ತಿದ್ದ ಈ ಮರಿಯನ್ನು ಅವರ ಅಕ್ಕಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟು, "ಮನ್ಯಾಗೆ ಒಂದು ಓಡಾಡ್ಕೊಂಡಿರ್ಲಿ ಅಕ್ಕಾರೆ," ಎಂದು ಹೋಗಿದ್ದ. ಅವನು ಒಳ್ಳೆಯದಕ್ಕೇ ಹೇಳಿದ್ದು. ಆದರೂ ಅವತ್ತು ಅವಳಿಗೆ ಊಟ ಸೇರಿರಲಿಲ್ಲ. ಈಗ ಮಲ್ಲಿ ಗರಿಕೆ ತಿನ್ನದಿದ್ದರೆ ಅವಳಿಗೆ ಊಟ ಸೇರುವುದಿಲ್ಲ.

ಬಾತಿ ಹತ್ತಿರ ಮುಂದೊಂದು ಬಸ್ಸು ನಿಂತಿತು. ಗಂಡ ಕರಿಬಸವರಾಜ ಗಾಡಿ ನಿಧಾನ ಮಾಡಿದ. ಮಾತನ್ನೂ ಅಕ್ಕಿಯಂತೆ ತೂಗಿ ಕೊಡುವ ಮನುಷ್ಯ ಅವನು. ಕೊಸರು ಹಾಕಿ ಗೊತ್ತಿಲ್ಲ.

"ಏನ್ ಮಾಡೋಣ?"

"ನೀವೇ ಹೇಳ್ರಿ."

"ಆವಾಗ ನಾನೇ ಹೇಳಿದ್ದೆ," ಎಂದ. ಗೇರು ಬದಲಿಸಿದ. "ಈ ಸಲ ನೀನು ಹೇಳಿದಂಗೆ."

ಇಷ್ಟು ವರ್ಷಗಳಲ್ಲಿ ಆ ವಿಷಯಕ್ಕೆ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. ಉಮಾಮಹೇಶ್ವರಿಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಬಾತಿ ಗುಡ್ಡದ ಕಡೆ ನೋಡಿದಳು.

"ಬ್ಯಾಡ. ಅದರದ್ದು ಅದರ ಹೊಟ್ಟ್ಯಾಗೇ ಇರ್ಲಿ."

ಒಂದು ವರ್ಷ ಮಲ್ಲಿಗೆ ಏನೂ ಆಗಲಿಲ್ಲ. ಪಡಸಾಲೆಯಲ್ಲಿ ಜಿಗಿಯಿತು, ಗೋಣಿಚೀಲ ಕಡಿಯಿತು, ಕುಕ್ಕರ್ ಕೂಗಿದರೆ ಹಿಂಗಾಲನ್ನು ನೆಲಕ್ಕೆ ಬಡಿದು ಬೈಯಿತು. ಆಗಾಗ ಹುಲ್ಲಿನ ಎಳೆಗಳನ್ನು ಬಾಯಿಗೆ ಅಡ್ಡ ಹಿಡಿದು, ಮೀಸೆ ಬಂದಂತೆ ಓಡಾಡಿ, ಹಳೆಯ ರೊಟ್ಟಿ ಬುಟ್ಟಿಯಲ್ಲಿ ಗೂಡು ಕಟ್ಟುತ್ತಿತ್ತು. ಎದೆಯ ಕೂದಲು ಕಿತ್ತು ಹಾಸಿ, ಹತ್ತಿರ ಯಾರನ್ನೂ ಬಿಡದೆ ಕಾಯುತ್ತಿತ್ತು. ಕೆಲವು ದಿನ ಹಾಗೆ ಕಾದು ಆಮೇಲೆ ಮರೆತುಬಿಡುತ್ತಿತ್ತು. ಬುಟ್ಟಿಯನ್ನು ಹಿತ್ತಲಿಗೆ ಒಯ್ದು ಕೊಡವುವ ಕೆಲಸ ಉಮಾಮಹೇಶ್ವರಿಯದು. ಕೊಡವುವ ಮೊದಲು ಪ್ರತಿ ಸಲವೂ ಕೂದಲನ್ನೊಮ್ಮೆ ಬೆರಳಿನಿಂದ ಸರಿಸಿ ನೋಡುತ್ತಿದ್ದಳು.

"ಪಾಪ, ಅದರ ಆಸೆ ಒಂದ್ಸಲ ತೀರ್ಸು ಉಮಕ್ಕ," ಎಂದಳು ಪಕ್ಕದ ಮನೆಯ ಖತೀಜಾಬೀ ಗೋಡೆಯಾಚೆಯಿಂದ. ಅವರ ಮನೆಯಲ್ಲಿ ನವಾಬ ಎಂಬ ಗಂಡು ಮೊಲವಿತ್ತು. "ಒಂದು ಬಾಣಂತನ ಆಯ್ತು ಅಂದ್ರೆ ಹೊಟ್ಟೆ ಒಳಗಿನ ಕಾಯಿಲೆ ಎಲ್ಲಾ ತೊಳ್ಕೊಂಡು ಹೋಗ್ತೈತೆ. ನಮ್ಮಮ್ಮೀನೂ ಹಂಗೇ ಹೇಳ್ತಿದ್ರು."

ಉಮಾಮಹೇಶ್ವರಿಗೆ ಬೇಕಾಗಿದ್ದ ಮಾತೇ ಅದು. ನವಾಬ ಬಂದ, ಬೀಗರ ಮರ್ಯಾದೆಯಲ್ಲಿ ಕ್ಯಾರೆಟ್ ತಿಂದು, ಕೆಲಸ ಮುಗಿಸಿ ಹೋದ. ಕೆಲವು ದಿನಗಳಲ್ಲೇ ಮಲ್ಲಿಯ ಹೊಟ್ಟೆ ಸವರುವಾಗ ಅವಳ ಬೆರಳಿಗೆ ಗೋಲಿಯಂಥ ಗುಂಡುಗಳು ಸಿಕ್ಕವು.

"ಖತೀಜಾಬೀ, ಐದಾವೆ! ಬಾ ಇಲ್ಲಿ, ಮುಟ್ಟಿ ನೋಡು!"

ಖತೀಜಾಬೀ ಸೆರಗಿಗೆ ಕೈ ಒರೆಸಿಕೊಂಡು ಬಂದು ಮುಟ್ಟಿದಳು. "ಮಾಶಾ ಅಲ್ಲಾಹ್! ಐದೆಲ್ಲಿ, ಆರು ಅದಾವೆ."

ಆ ರಾತ್ರಿ ಊಟಕ್ಕೆ ಕೂತಾಗ ಕರಿಬಸವರಾಜ ಮೆಲ್ಲಗೆ, "ಡಾಕ್ಟರಿಗೆ ಒಂದ್ಸಲ ತೋರ್ಸಿಕೊಂಡು ಬರೋಣೇನು?" ಎಂದ.

"ಬ್ಯಾಡ. ಹೋದ್ರೆ ಮತ್ತೆ ತೆಗೀತೀನಿ ಅಂತಾರೆ."

ಅವನು ತಟ್ಟೆ ನೋಡಿಕೊಂಡು ಉಂಡ. ಕೊಟ್ಟ ಮಾತೊಂದಿತ್ತು, ಅದರ ಮೇಲೆ ಇನ್ನೊಂದು ಮಾತಾಡುವ ಧೈರ್ಯ ಅವನಿಗಿರಲಿಲ್ಲ.

"ನಿನ್ ಮಗಳಿಗೆ ಕುಬಸ ಮಾಡಲ್ಲೇನು?" ಎಂದು ಖತೀಜಾಬೀ ಮರುದಿನ ತಮಾಷೆ ಮಾಡಿದಳು. ಉಮಾಮಹೇಶ್ವರಿ ನಕ್ಕಳು. ನಗುತ್ತಲೇ ಒಳಗೆ ಹೋಗಿ ಟ್ರಂಕು ತೆಗೆದಳು. ತಳದಲ್ಲಿ ಒಂದು ಹಸಿರು ರವಿಕೆ ಖಣವಿತ್ತು. ಉಮಾಮಹೇಶ್ವರಿಯ ಆ ಮೊದಲ ಬಸಿರಿಗೆ ಏಳು ತಿಂಗಳು ತುಂಬುವ ಮೊದಲೇ ಅವಳ ಅವ್ವ ಸೀಮಂತದ ಕುಬಸಕ್ಕೆಂದು ಅವಸರ ಮಾಡಿ ತಂದದ್ದು. ಆ ಏಳನೇ ತಿಂಗಳು ಬರಲಿಲ್ಲ. "ಮುಂದಿನ ಸಲಕ್ಕೆ ಆಗ್ತೈತೆ ಬಿಡವ್ವ," ಎಂದು ಮಡಿಸಿಟ್ಟು ಹೋಗಿದ್ದಳು ಅವ್ವ.

ಖಣವನ್ನು ಬುಟ್ಟಿಯಲ್ಲಿ ಹಾಸಿದರು. ಮಲ್ಲಿಯ ಹಣೆಗೆ ಚೂರು ಕುಂಕುಮ ಇಟ್ಟರು, ಉಡಿ ತುಂಬುವುದಕ್ಕೆ ಕೊತ್ತಂಬರಿ ಕಟ್ಟು. ಮಲ್ಲಿ ಉಡಿಯನ್ನು ಅಲ್ಲೇ ತಿಂದು ಮುಗಿಸಿದ್ದಕ್ಕೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನೆಂಟರ ಮನೆಯ ಕುಬಸಗಳಿಗೆ ಉಮಾಮಹೇಶ್ವರಿಯನ್ನು ಕರೆಯುತ್ತಿದ್ದರು. ಉಡಿ ತುಂಬುವ ಹೊತ್ತಿಗೆ ಮಾತ್ರ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಿಂದೆ ಕೂತು, ಉಂಡು, ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದಳು. ಅವಳು ಒಂದು ಬಸುರಿಗೆ ಉಡಿ ತುಂಬಿದ್ದು ಅವತ್ತೇ ಮೊದಲು.

ದಿನ ತುಂಬಿತು, ಮರಿ ಬರಲಿಲ್ಲ. ಇನ್ನೂ ಕೆಲವು ದಿನ ಹೋದವು. ಗುಂಡುಗಳು ದೊಡ್ಡವಾದವು, ಮಲ್ಲಿ ಸಣ್ಣಗಾಯಿತು. ಒಂದು ಬೆಳಿಗ್ಗೆ ಹಸಿರು ಖಣದ ಮೇಲೆ ರಕ್ತವಿತ್ತು. ಉಮಾಮಹೇಶ್ವರಿ ಸಂಭ್ರಮದಲ್ಲಿ ಗೋಡೆಯಾಚೆ ಕೂಗಿ, ಒಲೆಯ ಮೇಲೆ ಬಿಸಿನೀರಿಟ್ಟಳು. ಖತೀಜಾಬೀ ಹಳೆಯ ಮೆತ್ತನೆಯ ಬಟ್ಟೆ ತಂದಳು. ಮಧ್ಯಾಹ್ನದ ತನಕ ಇಬ್ಬರೂ ಬುಟ್ಟಿಯ ಎರಡು ಬದಿಗೆ ಕೂತಿದ್ದರು. ನೀರು ಆರಿತು. ರಕ್ತ ಬಿಟ್ಟು ಬೇರೇನೂ ಬರಲಿಲ್ಲ. ಖತೀಜಾಬೀ ಅವಳ ಮುಖ ನೋಡಲಾರದೆ ಬಟ್ಟೆಗಳನ್ನು ಮತ್ತೆ ಮತ್ತೆ ಮಡಿಸುತ್ತಿದ್ದಳು. ಕೊನೆಗೆ ಎದ್ದುಹೋಗಿ ಅಂಗಡಿಗೆ ಫೋನ್ ಮಾಡಿದಳು.

ದಾವಣಗೆರೆಯಲ್ಲಿ ಡಾಕ್ಟರ್ ಆಶಾರಾಣಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಮರಿ ಅಲ್ಲ ಅಮ್ಮ ಇವು. ಗಡ್ಡೆ. ಇಲ್ಲಿ ನೋಡ್ರಿ, ಎದೆಗೂ ಹರಡೈತೆ. ಇನ್ನು ಆಪರೇಷನ್ ಮಾಡಿ ಪ್ರಯೋಜನ ಇಲ್ಲ. ನೋವಿಗೆ ಔಷಧಿ ಕೊಡ್ತೀನಿ. ತಿನ್ನೋದು ಬಿಟ್ಟ ದಿನ ಕರ್ಕೊಂಡು ಬರ್ರಿ, ಸಂಕಟ ಇಲ್ದಂಗೆ ಕಳ್ಸೋಣ."

ಉಮಾಮಹೇಶ್ವರಿ ಆ ಬಿಳಿ ಚುಕ್ಕೆಗಳನ್ನು ನೋಡಿದಳು. ಇವುಗಳನ್ನೇ ಅವಳು ಎಣಿಸಿದ್ದು.

"ಆವತ್ತೇ ತೆಗೆಸಿದ್ರೆ ಉಳೀತಿತ್ತೇನ್ರಿ?"

ಡಾಕ್ಟರು ಕರಿಬಸವರಾಜನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ.

"ಉಳೀತಿತ್ತ್ರೀ," ಎಂದರು.

ವಾಪಸ್ಸು ಬರುವಾಗ ಬಾತಿ ಹತ್ತಿರ ಕರಿಬಸವರಾಜ ಗಾಡಿ ನಿಧಾನ ಮಾಡಿದ. "ನಾನಾದ್ರೂ..." ಎಂದ.

"ಗಾಡಿ ಓಡಿಸ್ರಿ," ಎಂದಳು ಉಮಾಮಹೇಶ್ವರಿ. ಸಿಟ್ಟು ಮಾಡಿಕೊಳ್ಳಲು ಅವಳಿಗೆ ಯಾರೂ ಉಳಿದಿರಲಿಲ್ಲ. ಇಬ್ಬರು ಡಾಕ್ಟರೂ ಒಂದೇ ಮಾತು ಹೇಳಿದ್ದರು; ಸುಳ್ಳು ಹೇಳಿದಾಗ ಅವಳ ಒಡಲು ಹೋಗಿತ್ತು, ನಿಜ ಹೇಳಿದಾಗ ಅವಳು ನಂಬಿರಲಿಲ್ಲ.

ಮನೆಗೆ ಬಂದು ಮಲ್ಲಿಯನ್ನು ಪಡಸಾಲೆಯಲ್ಲಿ ಬಿಟ್ಟಳು. ಅದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹುಲ್ಲಿನ ಒಂದು ಎಳೆಯನ್ನು ಬಾಯಿಗೆ ಅಡ್ಡ ಹಿಡಿದು ಬುಟ್ಟಿಯ ಕಡೆ ಹೊರಟಿತು. ನಡುವೆ ನಿಂತು ಏದುಸಿರು ಬಿಟ್ಟಿತು. ಉಮಾಮಹೇಶ್ವರಿ ಬುಟ್ಟಿಯನ್ನೇ ಅದರ ಹತ್ತಿರಕ್ಕೆ ಸರಿಸಿದಳು. ಒಗೆದು ಹಾಸಿದ ಖಣದ ಮೇಲೆ ಕಲೆ ಹಾಗೇ ಇತ್ತು. ಮಲ್ಲಿ ಹುಲ್ಲನ್ನು ಅದರ ಮೇಲಿಟ್ಟು, ತಲೆ ತಗ್ಗಿಸಿ ಎದೆಯ ಕೂದಲಿಗೆ ಬಾಯಿ ಹಾಕಿತು. ಅಲ್ಲಿ ಕೀಳಲು ಏನೂ ಇರಲಿಲ್ಲ, ಬರೀ ತೊಗಲು. ಮತ್ತೆ ಬಾಯಿ ಹಾಕಿತು.

ಉಮಾಮಹೇಶ್ವರಿ ಎದ್ದು ದೇವರ ಮನೆಗೆ ಹೋಗಿ, ಬತ್ತಿ ಹೊಸೆಯಲೆಂದು ಇಟ್ಟಿದ್ದ ಹತ್ತಿಯ ಉಂಡೆ ತಂದಳು. ನೆಲದ ಮೇಲೆ ಕೂತು, ಒಂದು ಚೂರು ಬಿಡಿಸಿ ಮಲ್ಲಿಯ ಮೂತಿಯ ಹತ್ತಿರ ಇಟ್ಟಳು. ಮಲ್ಲಿ ಮೂಸಿ ನೋಡಿ, ಅದನ್ನು ಕಚ್ಚಿಕೊಂಡು ಬುಟ್ಟಿಯಲ್ಲಿ ಹಾಕಿ, ಮುಂಗಾಲಿನಿಂದ ಒತ್ತಿ ಸರಿಮಾಡಿತು. ಆಮೇಲೆ ಮತ್ತೆ ಅವಳ ಕಡೆ ತಿರುಗಿತು. ಅವಳು ಇನ್ನೊಂದು ಚೂರು ಬಿಡಿಸಿದಳು.